ಒಂದೆಳೆ ಅದು, ಒಂದೆಳೆ ಇದು

ಡಾಕ್ಟರೊಬ್ಬರು ‘ನನಗೇ ಗೊತ್ತಿಲ್ಲ’ ಎಂದು ಹೇಳುವುದನ್ನು ಶಾರದ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಗೊತ್ತಿಲ್ಲದ ಡಾಕ್ಟರುಗಳನ್ನು ಬೇಕಾದಷ್ಟು ನೋಡಿದ್ದಳು. ಸೇಲಂ ಜಂಕ್ಷನ್ನಿನಿಂದ ಹಿಡಿದು ತವರಾದ ನಂಗವಳ್ಳಿಯವರೆಗೆ ಅಂಥವರಿಗೇನೂ ಬರವಿಲ್ಲ. ಆದರೆ ಅವರಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಈ ಶ್ರೀವಿದ್ಯಾ ಎಂಬ ಡಾಕ್ಟರಮ್ಮ ಮಾತ್ರ ಅವಳ ಮನೆಯ ಜಗುಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ನಗುನಗುತ್ತಲೇ ಹೇಳಿಬಿಟ್ಟರು.

“ಎರಡು ಥರದ ಡಬ್ಬಿ ಇರುತ್ತೆ ಶಾರದಮ್ಮ. ಒಂದರಲ್ಲಿ ಕಾಲುರಿಗೆ ಹೊಸ ಮಾತ್ರೆ. ಇನ್ನೊಂದರಲ್ಲಿ ನೋಡೋಕೆ ಹಾಗೇ ಇರೋ, ಮದ್ದಿಲ್ಲದ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಆರಿಸುತ್ತೆ. ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ.”

“ನಿಮ್ಗೂವಾ?”

“ನನಗೂ.”

“ಒನ್ನುಂ ಪುರಿಯಲ” ಎಂದಳು ಶಾರದ. ಒಂದೂ ಅರ್ಥವಾಗದಾಗ ಅವಳ ಬಾಯಿಗೆ ಕನ್ನಡ ಬರುವುದಿಲ್ಲ, ತಮಿಳೇ ಬರುವುದು.

ಡಾಕ್ಟರಮ್ಮ ಬೇಸರಿಸಿಕೊಳ್ಳಲಿಲ್ಲ. ಅವರೂ ಸೇಲಂನ ಕನ್ನಡದವರೇ, ಓದಿದ ಮನೆತನದವರು, ಮಾತು ತಿದ್ದಿದ ಕನ್ನಡ. ಮತ್ತೊಮ್ಮೆ ಮೊದಲಿನಿಂದ ಹೇಳಿದರು. ಹೊಸ ಮದ್ದು ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ, ತೊಂದರೆ ಏನಾದರೂ ಕೊಡುತ್ತದೋ ಎಂದು ತಿಳಿಯಲು ಇದೊಂದೇ ದಾರಿಯಂತೆ. ಸಕ್ಕರೆ ಕಾಯಿಲೆಯ ಮಾಮೂಲಿ ಮಾತ್ರೆ ಎಲ್ಲರಿಗೂ ಎಂದಿನಂತೆ ಇದ್ದೇ ಇರುತ್ತದಂತೆ. ಬೇಡವೆಂದರೆ ಯಾವತ್ತು ಬೇಕಾದರೂ ಬಿಡುವ ಹಕ್ಕು ನಿಮಗಿದೆ, ಯಾರೂ ಯಾಕೆಂದು ಕೇಳುವುದಿಲ್ಲ ಎಂದೂ ಹೇಳಿದರು.

“ಬಿಡೋ ಅಕ್ಕು ಐತೆ ಅಂತೀರ. ಏನ್ ತಿಂತಾ ಇದೀವಿ ಅಂತ ತಿಳ್ಕೊಳ್ಳೋ ಅಕ್ಕು ಇಲ್ವಾ?”

ಡಾಕ್ಟರಮ್ಮನ ಲೋಟ ತುಟಿಯ ಹತ್ತಿರ ನಿಂತಿತು. “ಒಳ್ಳೆ ಪ್ರಶ್ನೆ ಕೇಳಿದ್ರಿ” ಎಂದರು. ಒಳ್ಳೆ ಪ್ರಶ್ನೆ ಎಂದವರು ಉತ್ತರ ಹೇಳುವುದಿಲ್ಲ ಎಂಬುದು ಶಾರದಳಿಗೆ ರೇಷನ್ ಆಫೀಸಿನಲ್ಲೇ ಗೊತ್ತಾಗಿತ್ತು.

ಸೇಲಂನ ಗುಗೈ ಬಡಾವಣೆಯ ಆ ಮನೆಯಲ್ಲಿ ಹಜಾರದ ಆಚೆಗೊಂದು ಈಚೆಗೊಂದು ಕುಣಿಮಗ್ಗ. ಒಂದರಲ್ಲಿ ಶಾರದಳ ಗಂಡ ಪಳನಿಯಪ್ಪನ್, ಇನ್ನೊಂದರಲ್ಲಿ ಅವನ ತಮ್ಮ ಚಿನ್ನಸ್ವಾಮಿ. ಮಗ್ಗ ಎರಡಾದರೂ ಒಲೆ ಒಂದೇ. ಸಕ್ಕರೆ ಕಾಯಿಲೆಯೂ ಅಪ್ಪನ ಆಸ್ತಿಯ ಹಾಗೆ ಇಬ್ಬರಿಗೂ ಸಮಪಾಲಾಗಿಯೇ ಬಂದಿತ್ತು, ಅದರ ಬೆನ್ನಿಗೆ ಕಾಲುರಿ. ಕುಣಿಯೊಳಗೆ ಕಾಲಿಳಿಸಿ ಹಲಗೆ ತುಳಿಯುವವನಿಗೆ ಪಾದವೇ ಕಣ್ಣು. ಪಾದ ಉರಿದು ಉರಿದು ಮರಗಟ್ಟಿತೆಂದರೆ ಯಾವ ಹಲಗೆ ತುಳಿದೆ ಎಂದು ತಿಳಿಯದು, ಎಳೆ ತಪ್ಪುತ್ತದೆ, ಸೀರೆ ಕೆಡುತ್ತದೆ. ಅಣ್ಣ ತಮ್ಮ ಇಬ್ಬರೂ ಮಧ್ಯೆ ಮಧ್ಯೆ ಎದ್ದು ಬಚ್ಚಲಿಗೆ ಹೋಗಿ ಕಾಲಿಗೆ ತಣ್ಣೀರು ಸುರಿದುಕೊಂಡು ಬರುತ್ತಿದ್ದರು. ಆದ್ದರಿಂದ ಕಂಪ್ಯೂಟರಾದರೂ ಸರಿ, ಕಣಿ ಹೇಳುವವಳಾದರೂ ಸರಿ ಎಂದು ಇಬ್ಬರೂ ಒಪ್ಪಿದರು. ಡಾಕ್ಟರಮ್ಮನ ಕಡೆಯಿಂದ ಜೀವಿತಾ ಎಂಬ ಹುಡುಗಿ ಬಂದು ಒಬ್ಬೊಬ್ಬರ ಹೆಸರು ಅಂಟಿಸಿದ ಡಬ್ಬಿ ಕೊಟ್ಟು ಹೋದಳು.

ಡಬ್ಬಿಗಳು ಅಡುಗೆಮನೆಯ ಗೂಡಿಗೆ ಬಂದವು. ಆ ಮನೆಯಲ್ಲಿ ಬಾಯಿಗೆ ಹೋಗುವುದೆಲ್ಲ ಶಾರದಳ ಕೈಯಿಂದಲೇ ಹೋಗಬೇಕು. ಅವಳು ಮದುವೆಯಾಗಿ ಬಂದಾಗ ಅತ್ತೆ ಚೆಲ್ಲಮ್ಮ ಮೊದಲು ಕಲಿಸಿದ್ದು ಸಾರು ಮಾಡುವುದನ್ನಲ್ಲ, ಬಡಿಸುವುದನ್ನು. “ಮನೆ ಒಡೆಯಾದು ಮಗ್ಗದ್ತಾವಲ್ಲ, ಲೋಟದ್ತಾವ” ಎನ್ನುತ್ತಿದ್ದಳು ಮುದುಕಿ. “ಒಂದ್ ಕಣ್ಗೆ ಬೆಣ್ಣೆ, ಒಂದ್ ಕಣ್ಗೆ ಸುಣ್ಣ ಇಕ್ಕುದ್ರೆ ಆ ಮನೆ ನಿಲ್ಲಕಿಲ್ಲ.” ಚೆಲ್ಲಮ್ಮ ಹೋಗಿ ಎಷ್ಟೋ ಕಾಲವಾಯಿತು. ಶಾರದ ಇವತ್ತಿಗೂ ಅಣ್ಣ ತಮ್ಮಂದಿರ ಕಾಫಿ ಲೋಟಗಳನ್ನು ಪಕ್ಕಪಕ್ಕ ಇಟ್ಟು, ಬಗ್ಗಿ ನೋಡಿ, ಹೆಚ್ಚಾದದ್ದರಿಂದ ಕಡಿಮೆಯಾದದ್ದಕ್ಕೆ ತೊಟ್ಟು ಬಗ್ಗಿಸಿಯೇ ಕೊಡುವುದು. ವಾರಗಿತ್ತಿ ವಳ್ಳಿಯಮ್ಮ ಎಷ್ಟೋ ಸಲ ನಕ್ಕಿದ್ದಾಳೆ. “ಅಕ್ಕ, ನೀವು ಬಂಗಾರದಂಗಡೀಲಿ ಇರ್ಬೇಕಾಗಿತ್ತು.”

ಇಂಥವಳ ಕೈಗೆ ಒಂದರಲ್ಲಿ ಮದ್ದು, ಒಂದರಲ್ಲಿ ಹಿಟ್ಟು ಇರಬಹುದಾದ ಡಬ್ಬಿಗಳನ್ನು ಕೊಟ್ಟರೆ ಹೇಗೆ?

ಮೊದಲ ಕೆಲವು ವಾರ ಶಾರದ ಡಾಕ್ಟರಮ್ಮ ಹೇಳಿದ ಹಾಗೇ ಕೊಟ್ಟಳು. ಪಳನಿಯಪ್ಪನ್ ಒಂದು ಬೆಳಿಗ್ಗೆ ಎದ್ದವನು, ಕಾಲು ತಣ್ಣಗಾದಂಗೈತೆ ಎಂದ. ಆಮೇಲೆ ಬಚ್ಚಲಿಗೆ ಹೋಗುವುದನ್ನೇ ಬಿಟ್ಟ. ಮಗ್ಗದ ಸದ್ದಿನಲ್ಲೇ ಅವಳಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಹಜಾರದ ಆಚೆ ಚಿನ್ನಸ್ವಾಮಿ ಮಾತ್ರ ಎದ್ದು ಹೋಗಿ ನೀರು ಸುರಿದುಕೊಳ್ಳುತ್ತಲೇ ಇದ್ದ.

“ನಮ್ಮೋರ್ಗೆ ಇಟ್ಟು ಬಂದೈತೆ ಅನ್ಸುತ್ತೆ ಅಕ್ಕ” ಎಂದಳು ವಳ್ಳಿಯಮ್ಮ, ಸೊಪ್ಪು ಬಿಡಿಸುತ್ತಾ. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಶಾರದಳಿಗೆ ಎಷ್ಟೋ ಹಗುರವಾಗುತ್ತಿತ್ತು, ಜಗಳವಾಡಿ ಮುಗಿಸಬಹುದಿತ್ತು. “ಓಗ್ಲಿ ಬುಡಿ, ಬಾವಂಗಾದ್ರೂ ಆಯ್ತಲ್ಲ.”

ಆ ಮಾತು ಶಾರದಳನ್ನು ತಿನ್ನತೊಡಗಿತು. ಗಂಡನ ಕಾಲು ತಣ್ಣಗಾದದ್ದಕ್ಕೆ ಸಂತೋಷಪಡಬೇಕೋ, ಮೈದುನನಿಗೆ ತನ್ನ ಕೈಯಾರೆ ದಿನಾ ಹಿಟ್ಟು ತಿನ್ನಿಸುತ್ತಿರುವುದಕ್ಕೆ ನಾಚಬೇಕೋ ಅವಳಿಗೆ ತಿಳಿಯಲಿಲ್ಲ. ಆರಿಸಿದ್ದು ಕಂಪ್ಯೂಟರಂತೆ. ಇರಲಿ, ಬಡಿಸುವ ಕೈ ಯಾರದು?

ಅದೇ ಸಮಯಕ್ಕೆ ನೇಕಾರರ ಸೊಸೈಟಿಯಿಂದ ಮಾವಿನೆಲೆ ಬಣ್ಣದ ರೇಷ್ಮೆ ಬಂತು, ಎರಡು ಪಾತ್ರೆಯಲ್ಲಿ ಅದ್ದಿದ್ದು. ಹೆಸರಿಗೆ ಒಂದೇ ಬಣ್ಣ, ಬಿಸಿಲಿಗೆ ಹಿಡಿದರೆ ಒಂದು ತುಸು ಮಂಕು. ಹೊಸಬರಾದರೆ ಒಂದು ಮುಗಿಸಿ ಇನ್ನೊಂದು ಹಿಡಿಯುತ್ತಾರೆ, ಸೀರೆಯ ನಡುವೆ ಪಟ್ಟೆ ಬಿದ್ದು ಮರ್ಯಾದೆ ಹೋಗುತ್ತದೆ. ತಿಳಿದವರು ಎರಡು ಲಾಳಿ ಇಟ್ಟುಕೊಂಡು ಒಂದೆಳೆ ಅದು, ಒಂದೆಳೆ ಇದು ಹಾಕುತ್ತಾ ಹೋಗುತ್ತಾರೆ. ಮಂಕೂ ಕಾಣದು, ಹೊಳಪೂ ಕಾಣದು, ಇಡೀ ಸೀರೆ ಒಂದೇ ಬಣ್ಣ. ಪಳನಿಯಪ್ಪನ್ ಎರಡು ಲಾಳಿ ಆಡಿಸುವುದನ್ನು ಶಾರದ ಕಾಫಿ ಹಿಡಿದುಕೊಂಡು ನಿಂತೇ ನೋಡಿದಳು. ಕಾಫಿ ಆರಿಹೋಯಿತು. ಗಂಡ ಬೈದ.

ಮರುದಿನದಿಂದ ಅವಳು ಶುರು ಮಾಡಿದಳು. ಇವತ್ತು ಗಂಡನಿಗೆ ಅವನ ಡಬ್ಬಿಯದು, ಮೈದುನನಿಗೆ ಅವನದು. ನಾಳೆ ಅದಲು ಬದಲು. ಯಾರಿಗೂ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯವೆಂದೂ ಅನ್ನಿಸಲಿಲ್ಲ. ಲೋಟ ಸರಿಮಾಡಿದ್ದನ್ನು ಯಾರಾದರೂ ಊರಿಗೆ ಸಾರುತ್ತಾರೆಯೇ? ಗಂಡನ ಪಾಲಿನಲ್ಲಿ ಅರ್ಧ ಕಿತ್ತು ಮೈದುನನಿಗೆ ಕೊಡುತ್ತಿದ್ದೇನೆ ಎಂಬ ಅಳುಕು ಇತ್ತು. ಆದರೆ ಆ ಅಳುಕಿನೊಳಗೇ ಒಂದು ಸಣ್ಣ ಹೆಮ್ಮೆಯೂ ಇತ್ತು, ಅದನ್ನು ಇಲ್ಲವೆನ್ನುವುದು ಸುಳ್ಳಾಗುತ್ತದೆ. ಅತ್ತೆ ಇದ್ದಿದ್ದರೆ ಮೆಚ್ಚುತ್ತಿದ್ದಳು ಎಂದುಕೊಂಡಳು.

ಜೀವಿತಾ ತಿಂಗಳಿಗೊಮ್ಮೆ ಬಂದು ಉಳಿದ ಮಾತ್ರೆ ಎಣಿಸುವಳು. ಲೆಕ್ಕ ಎಂದೂ ತಪ್ಪಲಿಲ್ಲ. ಉರಿ ಹೇಗಿದೆ ಎಂದರೆ ಪಳನಿಯಪ್ಪನ್ ‘ಪರವಾಗಿಲ್ಲ’ ಎನ್ನುವನು, ಚಿನ್ನಸ್ವಾಮಿಯೂ ‘ಈಗ ಪರವಾಗಿಲ್ಲ’ ಎನ್ನುವನು. ಯಾವ ದಿನ ಯಾರಿಗೆ ಮದ್ದು, ಯಾರಿಗೆ ಹಿಟ್ಟು ಎಂಬುದನ್ನು ಅವರ ಮುಖ ನೋಡಿ ಹೇಳಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ. ಕಂಪ್ಯೂಟರಿಗೆ ಏನು ಅನ್ನಿಸಿತೋ ಯಾರಿಗೆ ಗೊತ್ತು.

ಹೀಗೇ ನಡೆದಿರುವಾಗ ಚಿನ್ನಸ್ವಾಮಿಗೆ ಊಟ ಸೇರದಾಯಿತು. ಬಾಯಿ ಕಹಿ ಎಂದ, ವಾಕರಿಕೆ ಎಂದ. ಬಿಸಿಲಿಗೆ ಪಿತ್ತ ಎಂದು ವಳ್ಳಿಯಮ್ಮ ಜೀರಿಗೆ ಕುದಿಸಿ ಕೊಟ್ಟಳು.

ಜೀವಿತಾ ಬರುವ ದಿನವಲ್ಲದ ದಿನ ಮನೆಯ ಮುಂದೆ ಕಾರು ನಿಂತಿತು. ಡಾಕ್ಟರಮ್ಮ ಇಳಿದರು, ಹಿಂದೆ ಜೀವಿತಾ. ಈ ಸಲ ನಗು ಇರಲಿಲ್ಲ. ಕಾಫಿ ಬೇಡವೆಂದರು, ಎಲ್ಲರೂ ಬನ್ನಿ ಎಂದು ಕರೆದು ಕೂರಿಸಿದರು.

“ಮಾತ್ರೆಯ ಪರೀಕ್ಷೆ ನಿಲ್ಲಿಸಿದೀವಿ. ಹೊಸ ಮಾತ್ರೆ ತಿಂದ ಕೆಲವರಿಗೆ ಈರಲು, ಲಿವರ್, ಕೆಟ್ಟಿದೆ. ಕಾರಿಮಂಗಲಂ ಕಡೆ ಒಬ್ಬರು ಕಾಮಾಲೆ ಆಗಿ ಆಸ್ಪತ್ರೆಯಲ್ಲಿದಾರೆ. ಯಾರ್ಯಾರಿಗೆ ನಿಜವಾದ ಮಾತ್ರೆ ಹೋಗಿದೆ ಅಂತ ಇವತ್ತು ಬೆಳಿಗ್ಗೆ ತೆಗೆದು ನೋಡಿದ್ವಿ.” ಅವರು ಪಳನಿಯಪ್ಪನ್ ಕಡೆ ತಿರುಗಿದರು. “ನಿಮ್ಮದರಲ್ಲಿ ಮದ್ದಿತ್ತು. ಗಾಬರಿ ಬೇಡ. ಈಗಲೇ ನನ್ನ ಜೊತೆ ಬನ್ನಿ, ರಕ್ತ ನೋಡೋಣ. ಎಲ್ಲ ಖರ್ಚೂ ನಮ್ಮದೇ, ಅದು ನಿಮ್ಮ ಹಕ್ಕು.” ಆಮೇಲೆ ಚಿನ್ನಸ್ವಾಮಿಗೆ ಹೇಳಿದರು. “ನಿಮ್ಮದು ಬರೀ ಹಿಟ್ಟು. ನೀವು ನಿಶ್ಚಿಂತೆಯಾಗಿರಿ. ಮುಂದಿನ ತಿಂಗಳು ಮಾಮೂಲಿ ಪರೀಕ್ಷೆಗೆ ಬಂದರೆ ಸಾಕು.”

ವಳ್ಳಿಯಮ್ಮನ ಕೈ ತಾನೇ ತಾನಾಗಿ ಕೆನ್ನೆಗೆ ಹೋಯಿತು. ಮುರುಗಾ, ಎಂದು ಉಸಿರಿನಲ್ಲೇ ಅಂದುಕೊಂಡಳು. ಆಮೇಲೆ ಭಾವನ ಮುಖ ನೋಡಿ ನಾಚಿ ಕೈ ಇಳಿಸಿದಳು.

ಶಾರದಳಿಗೆ ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಬಂದು ಬಿದ್ದವು. ಮದ್ದು ಎಂದುಕೊಂಡು ಹಂಚಿದ್ದು ವಿಷವೇ? ಹಾಗಾದರೆ ಗಂಡನ ವಿಷದಲ್ಲಿ ಅರ್ಧ ತೆಗೆದು ಮೈದುನನ ಬಾಯಿಗೆ ಹಾಕಿದಳೇ? ಗಂಡ ಅಷ್ಟರ ಮಟ್ಟಿಗೆ ಬಚಾವಾದನೇ? ತಾನು ಮಾಡಿದ್ದು ತಪ್ಪೋ, ಅಲ್ಲವೋ, ಅರ್ಧ ತಪ್ಪೋ? ಹೇಳಿದರೆ ವಳ್ಳಿಯಮ್ಮ ಏನೆಂದುಕೊಳ್ಳುತ್ತಾಳೆ? ತನ್ನ ಗಂಡನನ್ನು ಉಳಿಸಿಕೊಳ್ಳಲು ಮೈದುನನಿಗೆ ತಿನ್ನಿಸಿದಳು ಎಂದಲ್ಲವೇ ಊರು ಹೇಳುವುದು? ಆಗ ಇದು ವಿಷವೆಂದು ಯಾರಿಗೂ ಗೊತ್ತಿರಲಿಲ್ಲ ಎಂಬುದನ್ನು ಆಮೇಲೆ ಯಾರು ನೆನಪಿಡುತ್ತಾರೆ? ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಪಳನಿಯಪ್ಪನ್ ಅಂಗಿ ಹಾಕಿಕೊಳ್ಳಲು ಒಳಗೆ ಹೋದ. ಶಾರದ ಡಾಕ್ಟರಮ್ಮನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು. “ಡಾಕ್ಟ್ರಮ್ಮ, ಎಂಗೋ ಒಂದ್ ದಿನ ಮರ್ತು, ಇವರ್ದು ಅವ್ರು, ಅವರ್ದು ಇವ್ರು ತಿಂದಿದ್ರೆ?”

“ಒಂದು ದಿನಕ್ಕೆ ಏನೂ ಆಗಲ್ಲ ಶಾರದಮ್ಮ.”

“ಎರ್ಡು ದಿನ ಆದ್ರೆ?”

ಡಾಕ್ಟರಮ್ಮ ಫೋನಿನಲ್ಲಿ ಆಸ್ಪತ್ರೆಗೆ ಏನೋ ಹೇಳುತ್ತಿದ್ದರು. “ಅದಕ್ಕೂ ಭಯ ಬೇಡ” ಎಂದರು, ಅರ್ಧ ಕಿವಿ ಕೊಟ್ಟು.

ಭಯ ಬೇಡ ಎಂದಿದ್ದಾರೆ, ಓದಿದವರು, ಸಾಕಲ್ಲ ಎಂದಿತು ಮನಸ್ಸು. ಮುಂದಿನ ತಿಂಗಳು ಹೇಗೂ ಪರೀಕ್ಷೆ ಇದೆ. ಆಗ ಕಂಡರೆ ಕಾಣಲಿ, ಇಲ್ಲವಾದರೆ ಯಾಕೆ ಸುಮ್ಮನೆ ಮನೆಗೆ ಬೆಂಕಿ ಹಚ್ಚುವುದು? ಹೀಗೆ ಅಂದುಕೊಂಡು ಅವಳು ಗಂಡನಿಗೆ ಟವೆಲ್ ತರಲು ಹೊರಟಳು. ಹಜಾರದಲ್ಲಿ ಚಿನ್ನಸ್ವಾಮಿ ಆಗಲೇ ಮಗ್ಗಕ್ಕೆ ಇಳಿದಿದ್ದ. ಅವಳು ಬೆಳಿಗ್ಗೆ ಅವನಿಗಿಟ್ಟಿದ್ದ ಇಡ್ಲಿ ಮುಟ್ಟದೆ ಪಕ್ಕದಲ್ಲೇ ಇತ್ತು, ಚಟ್ನಿ ಒಣಗಿತ್ತು. ಅತ್ತಿಗೆಯನ್ನು ಕಂಡು ಅವನು ತಲೆಯೆತ್ತಿದ.

“ಅಣ್ಣಂಗೆ ಏನೂ ಆಗಕಿಲ್ಲ ಅತ್ಗೆ. ನೀವ್ ಅಳ್ಬೇಡಿ.”

ತಾನು ಅಳುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಿಟಕಿಯ ಬೆಳಕು ಅವನ ಮುಖಕ್ಕೆ ಬಿದ್ದಿತ್ತು. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಬಣ್ಣದಲ್ಲಿ ಎರಡು ಪಾತ್ರೆಯ ವ್ಯತ್ಯಾಸ ಹಿಡಿಯುವ ಮನೆಯವಳಿಗೆ ಅದು ಕಾಣದೆ ಹೋಗುವುದು ಹೇಗೆ? ಟವೆಲ್ ತರುವುದನ್ನು ಬಿಟ್ಟು ಅವಳು ಜಗುಲಿಗೆ ಓಡಿ ಬಂದಳು.

“ಅವ್ರನ್ನೂ ಕರ್ಕೊಂಡೋಗಿ ಡಾಕ್ಟ್ರಮ್ಮ. ಅವ್ರೂ ತಿಂದವ್ರೆ. ನಾನೇ ಕೊಟ್ಟಿದ್ದು.”

ಎಲ್ಲರ ಮುಂದೆ ಹೇಳಿದಳು. ಅದಲು ಬದಲು, ಒಂದು ದಿನ ಅದು, ಒಂದು ದಿನ ಇದು, ಲಾಳಿ, ಬಣ್ಣ ಎಲ್ಲ ಸೇರಿಸಿ, ಕನ್ನಡ ಅರ್ಧ ತಮಿಳು ಅರ್ಧವಾಗಿ ಹೇಳಿದಳು. ಜೀವಿತಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಪಳನಿಯಪ್ಪನ್ ಗುಂಡಿ ಹಾಕುವುದನ್ನು ನಿಲ್ಲಿಸಿ, “ಏನ್ಲೇ ಏಳ್ತಾ ಇದೀಯ” ಎಂದ. ವಳ್ಳಿಯಮ್ಮ ಎದ್ದಳು. ಒಳಗೆ ಹೋಗಿ ಗಂಡನ ಚಪ್ಪಲಿ ತಂದು ಮಗ್ಗದ ಪಕ್ಕ ಇಟ್ಟಳು.

ಆಸ್ಪತ್ರೆಯಲ್ಲಿ ಇಬ್ಬರ ರಕ್ತವೂ ಕೆಟ್ಟಿತ್ತು. ಪಳನಿಯಪ್ಪನ್‌ದು ಸ್ವಲ್ಪ, ಚಿನ್ನಸ್ವಾಮಿಯದು ಬಹಳ. ಇದು ಶಾರದಳ ತಲೆಗೆ ಹೋಗಲೇ ಇಲ್ಲ. ವಾರ್ಡಿನ ಬಾಗಿಲಲ್ಲಿ ಡಾಕ್ಟರಮ್ಮನನ್ನು ಅಡ್ಡಗಟ್ಟಿದಳು.

“ಸಮ ಸಮ ಕೊಟ್ಟೆ ಡಾಕ್ಟ್ರಮ್ಮ. ದೇವ್ರಾಣೆ ಒಂದ್ ದಿನವೂ ತಪ್ಸಿಲ್ಲ. ಅಂಗಾದ್ರೆ ಮೈದ್ನಂಗೆ ಯಾಕೆ ಜಾಸ್ತಿ ಆಯ್ತು?”

“ಒಬ್ಬೊಬ್ಬರ ದೇಹ ಒಂದೊಂದು ಥರ. ಮದ್ದು ಲೋಟದ ಕಾಫಿ ಅಲ್ಲ.”

“ನಮ್ಮೋರು ಪೂರ್ತಿ ತಿಂದಿದ್ರೆ?”

“ಗೊತ್ತಿಲ್ಲ. ಅವರಿಗೆ ಇನ್ನೂ ಜಾಸ್ತಿ ಆಗ್ತಿತ್ತೋ, ಇಷ್ಟೇ ಇರ್ತಿತ್ತೋ, ಹೇಳೋಕಾಗಲ್ಲ.”

ಮತ್ತೆ ಅದೇ ಗೊತ್ತಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೇನೋ ಎಂದು ಶಾರದಳಿಗೆ ಸಿಟ್ಟು ಬಂತು. ಡಾಕ್ಟರಮ್ಮ ಗೋಡೆಗೊರಗಿ ನಿಂತರು. ಅವರೂ ಬೆಳಿಗ್ಗೆಯಿಂದ ಏನೂ ತಿಂದಂತಿರಲಿಲ್ಲ.

“ಒಂದೇ ಮನೆಯ ಇಬ್ಬರನ್ನ ಸೇರಿಸಿದ್ದು ನಮ್ಮ ತಪ್ಪು. ಮಾತ್ರೆ ಎಣಿಸಿದ್ವಿ, ಮನೆ ಹೇಗೆ ನಡೆಯುತ್ತೆ ಅಂತ ಕೇಳಲೇ ಇಲ್ಲ. ಅದನ್ನ ನಾನು ಬರೆದು ಒಪ್ಪಿಸ್ತೀನಿ. ಆದರೆ ಒಂದು ಹೇಳ್ತೀನಿ ಕೇಳಿ. ನೀವು ಇವತ್ತು ಬಾಯಿ ಬಿಡದೆ ಇದ್ದಿದ್ರೆ ಮುಂದಿನ ತಿಂಗಳವರೆಗೆ ನಿಮ್ಮ ಮೈದುನ ಇರ್ತಿರಲಿಲ್ಲ. ಈಗ ಮಾತ್ರೆಯೂ ನಿಂತಿದೆ, ಚಿಕಿತ್ಸೆಯೂ ಶುರುವಾಗಿದೆ, ನಿಧಾನಕ್ಕೆ ಇಳಿಯುತ್ತೆ ಅಂತ ನಂಬಿಕೆ ಇದೆ.”

ಉಳಿಸಿದ್ದೂ ತಾನೇ, ಕೆಡಿಸಿದ್ದೂ ತಾನೇ. ಇದಕ್ಕೆ ಅಳುವುದೋ ನಗುವುದೋ? ಶಾರದ ಬೆಂಚಿನ ತುದಿಯಲ್ಲಿ ಕೂತಳು. ಇನ್ನೊಂದು ತುದಿಯಲ್ಲಿ ವಳ್ಳಿಯಮ್ಮ ಇದ್ದಳು. ಕಾರು ಹತ್ತಿದಾಗಿನಿಂದ ಅವಳು ಅಕ್ಕ ಎಂದಿರಲಿಲ್ಲ.

ಮರುದಿನ ಶಾರದ ಮನೆಗೆ ಹೋಗಿ ಹಿಡಿಕೆಯಿರುವ ತೂಕುಪಾತ್ರೆಯಲ್ಲಿ ಗಂಜಿ ತಂದಳು. ಒಳಗೆ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ ಮಲಗಿದ್ದರು. ಹೊರಗಿನ ಬೆಂಚಿನ ಮೇಲೆ ವಳ್ಳಿಯಮ್ಮ ಹಾಗೇ ಕೂತಿದ್ದಳು, ತಲೆ ಕೂಡ ಬಾಚಿರಲಿಲ್ಲ. ಶಾರದ ಪಕ್ಕದಲ್ಲಿ ಕೂತದ್ದೇ ಅವಳು ಕೇಳಿದಳು, ಗೋಡೆಯನ್ನು ನೋಡುತ್ತಾ.

“ಬಾವಂಗೆ ಕಡ್ಮೆ ಆಯ್ತಾ ಇತ್ತು. ಅದಕ್ಕೇ ನಮ್ಮೋರ್ಗೂ ಆಗ್ಲಿ ಅಂತ ಕೊಟ್ರಿ. ಅದ್ ನಂಗೆ ಗೊತ್ತು. ನಿಮ್ ಮನ್ಸು ನಂಗೆ ಗೊತ್ತಿಲ್ವಾ.” ಈಗ ಶಾರದಳ ಕಡೆ ತಿರುಗಿದಳು. “ಅದು ಇಂಥದ್ದು ಅಂತ ಗೊತ್ತಿದ್ದಿದ್ರೆ ಏನ್ ಮಾಡ್ತಿದ್ರಿ?”

“ಇಬ್ರಿಗೂ ಕೊಡ್ತಿರ್ಲಿಲ್ಲ ವಳ್ಳಿ.”

“ನಾನು ಅದನ್ ಕೇಳ್ಲಿಲ್ಲ. ಯಾರಾದ್ರೂ ಒಬ್ರು ತಿನ್ಲೇಬೇಕು ಅಂತ ಇದ್ದಿದ್ರೆ? ಯಾರ್ಗೆ ಕೊಡ್ತಿದ್ರಿ?”

ಶಾರದ ಬಾಯಿ ತೆರೆದಳು. ನಮ್ಮೋರಿಗೇ ಕೊಡುತ್ತಿದ್ದೆ ಎಂದರೆ ಸುಳ್ಳಾಗುತ್ತಿತ್ತು, ವಳ್ಳಿಗೂ ಅದು ಗೊತ್ತಾಗುತ್ತಿತ್ತು. ಇನ್ನೊಂದನ್ನು ಹೇಳುವುದು ಸಾಧ್ಯವಿರಲಿಲ್ಲ. ಅರ್ಧರ್ಧ ಎನ್ನಬಹುದಿತ್ತು, ಆದರೆ ಅರ್ಧರ್ಧ ಕೊಟ್ಟದ್ದರ ಫಲ ಒಳಗೆ ಮಂಚದ ಮೇಲೆ ಮಲಗಿತ್ತು. ಲೋಟ ಸರಿಮಾಡಿಕೊಂಡೇ ಇಷ್ಟು ವರ್ಷ ಬದುಕಿದವಳಿಗೆ ಈ ಪ್ರಶ್ನೆ ಯಾರೂ ಹಾಕಿರಲಿಲ್ಲ. ತನ್ನದು, ವಳ್ಳಿಯದು ಎಂದು ಎರಡು ಇವೆ ಎಂಬುದು ಅವಳ ಎದೆಗೆ ಗೊತ್ತಿತ್ತು. ಅದು ಕಾಣಬಾರದೆಂದೇ ಅಷ್ಟು ಬಗ್ಗಿ ಬಗ್ಗಿ ನೋಡುತ್ತಿದ್ದಳೇನೋ. ಆವಾಗ ಅವಳಿಗೆ ಡಾಕ್ಟರಮ್ಮ ಯಾಕೆ ‘ನನಗೂ ಗೊತ್ತಿಲ್ಲ’ ಎಂದು ಅಷ್ಟು ಸಮಾಧಾನವಾಗಿ ಹೇಳಿದ್ದರು, ಯಾಕೆ ಆರಿಸುವ ಕೆಲಸವನ್ನು ಒಂದು ಯಂತ್ರಕ್ಕೆ ಕೊಟ್ಟು ಕೂತಿದ್ದರು ಎಂಬುದು ಅರ್ಥವಾಯಿತು. ಈ ಪ್ರಶ್ನೆಗೆ ಉತ್ತರ ಹೇಳುವ ಶಿಕ್ಷೆ ಮನುಷ್ಯರಿಗೆ ಬೇಡವೆಂದೇ ಇರಬೇಕು.

“ಪುರಿಯಲ ವಳ್ಳಿ” ಎಂದಳು. ಅದೂ ಪೂರ್ತಿ ನಿಜವಲ್ಲ.

ವಳ್ಳಿಯಮ್ಮ ಕೈ ಚಾಚಿ ಶಾರದಳ ತೊಡೆಯ ಮೇಲಿದ್ದ ತೂಕನ್ನು ತಾನೇ ತೆಗೆದುಕೊಂಡಳು. ಎರಡು ಲೋಟಗಳನ್ನು ಬೆಂಚಿನ ಮೇಲಿಟ್ಟು ಗಂಜಿ ಬಗ್ಗಿಸಿದಳು. ಒಂದಕ್ಕೆ ಅಂಚಿನವರೆಗೆ ಹಾಕಿದಳು, ಇನ್ನೊಂದಕ್ಕೆ ಅದಕ್ಕಿಂತ ಕಡಿಮೆ. ಮುಚ್ಚುಮರೆ ಏನೂ ಇರಲಿಲ್ಲ. ಕಡಿಮೆಯದನ್ನು ಶಾರದಳ ಕೈಗೆ ಕೊಟ್ಟಳು.

“ಬಾವಂಗೆ ಕೊಡಿ ಅಕ್ಕ” ಎಂದು, ತುಂಬಿದ ಲೋಟ ಹಿಡಿದುಕೊಂಡು ಗಂಡನ ಮಂಚದ ಕಡೆ ನಡೆದಳು.

ಶಾರದ ತನ್ನ ಕೈಯಲ್ಲಿದ್ದ ಲೋಟವನ್ನು ನೋಡಿದಳು. ತೂಕಿನ ತಳದಲ್ಲಿ ಇನ್ನೂ ಗಂಜಿ ಇತ್ತು. ಅವಳು ಅದನ್ನು ಬಗ್ಗಿಸಿಕೊಳ್ಳದೆ ಎದ್ದು, ಲೋಟ ಹಿಡಿದು ಒಳಗೆ ಹೋದಳು.